ಕಿವಿಯಿಂದ ಕೊರಳಿಗೆ

ಬೆಳಗಿನ ಹೊತ್ತು ಕೇಳುವುದಕ್ಕೆ ಒಳ್ಳೆಯದು. ಮಾತಾಡುವ ಉಮೇದು ಇನ್ನೂ ಹುಟ್ಟಿರುವುದಿಲ್ಲ, ಬೀದಿ ಇನ್ನೂ ಪೂರ್ತಿ ಎದ್ದಿರುವುದಿಲ್ಲ. ಆಕಾಶವಾಣಿಯ ‘ಚಿಂತನ’ ಕೇಳುತ್ತ ದಿನ ಶುರುಮಾಡಿದ ಮನೆಗಳವರಿಗೆ, ಮುಖ ಕಾಣದ ಒಂದು ದನಿ ತಮ್ಮೊಬ್ಬರಿಗಾಗಿಯೇ ಮಾತಾಡುತ್ತಿದೆ ಎನ್ನಿಸುವ ಸುಖ ಗೊತ್ತು. ಆ ಸುಖ ಈಗ ಮೊಬೈಲಿಗೆ, ಇಯರ್‌ಫೋನಿಗೆ ಬಂದು ಕೂತಿದೆ. ಮಾತಾದರೆ ಅದು ಪಾಡ್‌ಕ್ಯಾಸ್ಟ್, ಹಾಡಾದರೆ ಸ್ಟ್ರೀಮಿಂಗ್. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ನಡೆಯುವವನಷ್ಟು ಒಂಟಿ ಮನುಷ್ಯ ಇನ್ನೊಬ್ಬನಿಲ್ಲ. ಫುಟ್‌ಬಾಲ್ ಮೈದಾನದ ಮೆಟ್ಟಿಲ ಮೇಲೆ ನಿಂತು ಹಾಡುವವನಷ್ಟು ಒಂಟಿತನ ಮರೆತವನೂ ಇನ್ನೊಬ್ಬನಿಲ್ಲ. ಬಹಳ ಸಲ ಈ ಇಬ್ಬರೂ ಒಬ್ಬನೇ ಮನುಷ್ಯ. ವಾರವಿಡೀ ಕಿವಿಯಲ್ಲಿ ಕೂಡಿಟ್ಟದ್ದನ್ನು ಆಟದ ದಿನ ಕೊರಳಿನಿಂದ ಚೆಲ್ಲುತ್ತಾನೆ. ಆ ಕಿವಿಗೂ ಆ ಕೊರಳಿಗೂ ನಡುವೆ ನಡೆಯುವುದೇನು ಎಂದು ಕೆಲವು ದಿನಗಳಿಂದ ಯೋಚಿಸುತ್ತಿದ್ದೇನೆ.

ಇದು ಇಂದು ನಿನ್ನೆಯದಲ್ಲ. 1960ರ ದಶಕದ ಆರಂಭದಲ್ಲಿ ಲಿವರ್‌ಪೂಲ್‌ನ ಆನ್‌ಫೀಲ್ಡ್ ಮೈದಾನದಲ್ಲಿ, ಆಟ ಶುರುವಾಗುವ ಮುನ್ನ ಧ್ವನಿವರ್ಧಕದಲ್ಲಿ ಆ ವಾರದ ಜನಪ್ರಿಯ ಹತ್ತು ಹಾಡುಗಳನ್ನು ಹಾಕುತ್ತಿದ್ದರು. ಗೋಲಿನ ಹಿಂದಿನ ‘ಕಾಪ್’ ಎಂಬ ಕಡಿದಾದ ಮೆಟ್ಟಿಲುಗಳಲ್ಲಿ ಒತ್ತೊತ್ತಾಗಿ ನಿಂತ ಸಾವಿರಾರು ಜನ ಜತೆಗೇ ಹಾಡುತ್ತಿದ್ದರು. 1963ರ ಕೊನೆಯಲ್ಲಿ ಆ ಪಟ್ಟಿಯ ತುದಿಗೇರಿದ್ದು ಅದೇ ಊರಿನ ಜೆರ್ರಿ ಆ್ಯಂಡ್ ದ ಪೇಸ್‌ಮೇಕರ್ಸ್ ತಂಡ ಹಾಡಿದ ‘ಯೂ ವಿಲ್ ನೆವರ್ ವಾಕ್ ಅಲೋನ್’. ಹಾಡು ಮೂಲತಃ ಅವರದ್ದೂ ಅಲ್ಲ. 1945ರ ‘ಕ್ಯಾರೊಸೆಲ್’ ಎಂಬ ಅಮೆರಿಕದ ಸಂಗೀತ ನಾಟಕಕ್ಕೆ ರಾಜರ್ಸ್ ಮತ್ತು ಹ್ಯಾಮರ್‌ಸ್ಟೈನ್ ರಚಿಸಿದ್ದು. ವಾರಗಳು ಕಳೆದವು, ಹಾಡು ಪಟ್ಟಿಯಿಂದ ಇಳಿಯಿತು, ಧ್ವನಿವರ್ಧಕ ಅದನ್ನು ಕೈಬಿಟ್ಟಿತು. ಜನ ಬಿಡಲಿಲ್ಲ ಎಂದು ಆ ಊರಿನವರು ಹೇಳುತ್ತಾರೆ. ಅರುವತ್ತು ವರ್ಷ ದಾಟಿದರೂ ಬಿಟ್ಟಿಲ್ಲ. ರೇಡಿಯೊ ಮತ್ತು ಗ್ರಾಮಫೋನಿನ ಕಾಲದ ಆ ಹತ್ತು ಹಾಡುಗಳ ಪಟ್ಟಿಯೇ ಇಂದಿನ ಪ್ಲೇಲಿಸ್ಟಿನ ಅಜ್ಜಿ. ಯಾವುದು ಮಾರಾಟವಾಗುತ್ತದೆ ಎಂಬುದನ್ನು ಪಟ್ಟಿ ಹೇಳಿತು. ಯಾವುದು ಉಳಿಯಬೇಕು ಎಂಬುದನ್ನು ಮೆಟ್ಟಿಲ ಮೇಲಿನ ಜನ ತೀರ್ಮಾನಿಸಿದರು.

ಕನ್ನಡದವರಿಗೆ ಈ ವ್ಯವಹಾರ ಅಪರಿಚಿತವೇನಲ್ಲ. ನಮ್ಮ ಕಂಪನಿ ನಾಟಕಗಳ ಹಾಡಿನ ಪುಸ್ತಕಗಳಲ್ಲಿ ಪದ್ಯದ ನೆತ್ತಿಯ ಮೇಲೆ ‘ಇಂಥ ಹಾಡಿನ ಮಟ್ಟು’ ಎಂದು ಅಚ್ಚಾಗಿರುತ್ತಿತ್ತು. ಮರಾಠಿ ರಂಗಗೀತೆಯೋ ಹಿಂದುಸ್ತಾನಿ ಚೀಜೋ ಎಲ್ಲಿಂದಲೋ ಬಂದು, ಕನ್ನಡದ ಮಾತು ತೊಟ್ಟು, ಊರೂರು ತಿರುಗಿ, ಕೊನೆಗೆ ಹೊಲದಲ್ಲಿ ಕಳೆ ಕೀಳುವವರ ಬಾಯಲ್ಲಿ ನೆಲೆಯಾಗುತ್ತಿತ್ತು. ಮಟ್ಟು ಯಾರದ್ದು ಎಂದು ಯಾರೂ ಜಗಳಕ್ಕೆ ನಿಲ್ಲಲಿಲ್ಲ. ಫುಟ್‌ಬಾಲ್ ಅಭಿಮಾನಿಗಳ ಹಾಡುಗಳು ಹುಟ್ಟುವುದೂ ಹೀಗೆಯೇ: ಮಟ್ಟು ಇನ್ನೊಬ್ಬರದ್ದು, ಮಾತು ತಮ್ಮದು.

2003ರ ಅಕ್ಟೋಬರ್ 22ರ ಒಂದು ಕತೆ ಇದೆ. ಬೆಲ್ಜಿಯಂನ ಕ್ಲಬ್ ಬ್ರೂಗ ತಂಡದ ಅಭಿಮಾನಿಗಳು ಎಸಿ ಮಿಲಾನ್ ವಿರುದ್ಧದ ಪಂದ್ಯ ನೋಡಲು ಇಟಲಿಯ ಮಿಲಾನ್ ನಗರಕ್ಕೆ ಬಂದಿದ್ದರು. ಪಂದ್ಯಕ್ಕೆ ಮುಂಚೆ ಒಂದು ಬಾರಿನಲ್ಲಿ ಕೂತಿದ್ದಾಗ, ಅಮೆರಿಕದ ‘ದ ವೈಟ್ ಸ್ಟ್ರೈಪ್ಸ್’ ತಂಡದ ‘ಸೆವೆನ್ ನೇಷನ್ ಆರ್ಮಿ’ ಹಾಡು ಕೇಳಿಸಿತು. ಅದರ ಗಿಟಾರಿನ ಏಳು ಸ್ವರದ ಎಳೆ ಅವರ ಬಾಯಿಗೆ ಹತ್ತಿತು. ಮಾತೇ ಬೇಡ, ಸುಮ್ಮನೆ ‘ಓ’ ಎಂದು ಎಳೆದರೆ ಸಾಕು. ಆ ರಾತ್ರಿ ಬ್ರೂಗ 1-0ಯಿಂದ ಗೆದ್ದಿತು, ಎಳೆ ಬೆಲ್ಜಿಯಂಗೆ ಹೋಯಿತು. 2006ರ ಫೆಬ್ರುವರಿಯಲ್ಲಿ ರೋಮಾ ತಂಡದವರು ಬ್ರೂಗಕ್ಕೆ ಆಡಲು ಬಂದಾಗ ಅಲ್ಲಿನ ಜನರ ಬಾಯಿಂದ ಅದನ್ನು ಕಲಿತು ಇಟಲಿಗೆ ಮರಳಿ ಒಯ್ದರು. ಆ ಬೇಸಿಗೆಯಲ್ಲಿ ಇಟಲಿ ವಿಶ್ವಕಪ್ ಗೆದ್ದಾಗ ಬೀದಿಬೀದಿಯಲ್ಲಿ ಅದೇ ಎಳೆ. ಬಾರಿನಿಂದ ಲೋಕಕ್ಕೆ ಹರಡಲು ಅದಕ್ಕೆ ಸುಮಾರು ಮೂರು ವರ್ಷ ಹಿಡಿಯಿತು. ರೈಲಿನಲ್ಲಿ, ಬಸ್ಸಿನಲ್ಲಿ, ಮನುಷ್ಯರ ಕೊರಳಲ್ಲಿ ಕೂತು ಪ್ರಯಾಣ ಮಾಡಿತು.

ಸ್ಟ್ರೀಮಿಂಗ್ ಬಂದ ಮೇಲೆ ಆ ಪ್ರಯಾಣ ದಿನಗಳ ಲೆಕ್ಕಕ್ಕೆ ಇಳಿದಿದೆ. ಆದರೆ ನನಗೆ ಮುಖ್ಯವೆನಿಸುವುದು ವೇಗವಲ್ಲ, ಹಿಂದಕ್ಕೆ ಹೋಗುವ ದಾರಿ. 1985ರಲ್ಲಿ ಇಟಲಿಯ ರಿಗೇರಾ ಎಂಬ ಜೋಡಿ ಬೇಸಿಗೆ ಮುಗಿಯುತ್ತಿದೆ ಎಂಬ ಭಾವದ ಒಂದು ಪಾಪ್ ಹಾಡು ಹಾಡಿತ್ತು. ಆ ಮಟ್ಟನ್ನು ಲಾಕ್ವಿಲಾ ಎಂಬ ಸಣ್ಣ ಊರಿನ ಅಭಿಮಾನಿಗಳು ಎತ್ತಿಕೊಂಡರು. ಅಲ್ಲಿಂದ ಅದು ಇಟಲಿಯ ದೊಡ್ಡ ಕ್ಲಬ್‌ಗಳಿಗೆ, ಆಮೇಲೆ ಪೋರ್ಚುಗಲ್, ಸ್ಪೇನ್‌ಗಳಿಗೆ ಹೋಗಿ, 2018ರಲ್ಲಿ ಲಿವರ್‌ಪೂಲ್‌ನವರ ಬಾಯಲ್ಲಿ ‘ಅಲೇ ಅಲೇ ಅಲೇ’ ಆಯಿತು. ಅದನ್ನು ಗಿಟಾರ್ ಹಿಡಿದು ಜನರ ನಡುವೆ ಹಾಡಿ ಹರಡಿದವರಲ್ಲಿ ಮುಂದೆ ನಿಂತವರು ಜೇಮಿ ವೆಬ್‌ಸ್ಟರ್, ಆಗ ಎಲೆಕ್ಟ್ರಿಷಿಯನ್ ಕೆಲಸ ಮಾಡಿಕೊಂಡಿದ್ದ ಲಿವರ್‌ಪೂಲ್‌ನ ಯುವಕ. ಅಭಿಮಾನಿಗಳೇ ಸೇರಿ ನಡೆಸುತ್ತಿದ್ದ ‘ಬಾಸ್ ನೈಟ್’ ಎಂಬ ಸಂಜೆಗಳಲ್ಲಿ ಅವರು ಹಾಡುತ್ತಿದ್ದರು. 2018ರ ಮೇ ತಿಂಗಳಲ್ಲಿ ಉಕ್ರೇನ್‌ನ ಕೀವ್ ನಗರದ ಶೆವ್‌ಚೆಂಕೊ ಉದ್ಯಾನದಲ್ಲಿ, ಚಾಂಪಿಯನ್ಸ್ ಲೀಗ್ ಫೈನಲ್‌ಗೆ ಮುಂಚೆ, ಕೆಂಪಂಗಿಯ ಸಾವಿರಾರು ಜನ ಅವರೊಡನೆ ಹಾಡಿದರು. 2020ರಲ್ಲಿ ವೆಬ್‌ಸ್ಟರ್ ತಮ್ಮದೇ ಹಾಡುಗಳ ಆಲ್ಬಮ್ ತಂದಾಗ ಅದು ಬ್ರಿಟನ್ನಿನ ಪಟ್ಟಿಯ ಮೊದಲ ಹತ್ತರೊಳಗೆ ಬಂತು. ಮೈದಾನದ ಹಾಡುಗಾರನಿಗೆ ಅವನದೇ ಹಾಡುಗಳ ಶ್ರೋತೃಗಳನ್ನು ಜೋಡಿಸಿಕೊಟ್ಟದ್ದರಲ್ಲಿ ಈ ಹೊಸ ಮಾಧ್ಯಮಗಳ ಪಾಲು ಸಣ್ಣದಲ್ಲ.

ಹಿಂದಕ್ಕೆ ಹೋಗುವ ದಾರಿ ಎಂದೆ. ಇಂದು ಆ ಮಟ್ಟು ಮೆಚ್ಚಿದ ಹುಡುಗಿಯೊಬ್ಬಳು ಫೋನಿನಲ್ಲಿ ಹುಡುಕಿದರೆ ಸಾಕು, ರಿಗೇರಾದ 1985ರ ಧ್ವನಿಮುದ್ರಣ ಅವಳ ಕಿವಿಗೆ ಬರುತ್ತದೆ. ತಾನು ಎದೆ ತುಂಬಿ ಹಾಡುತ್ತಿದ್ದದ್ದು ಯಾರದೋ ಮುಗಿದ ಬೇಸಿಗೆಯ ನೆನಪು ಎಂದು ತಿಳಿಯುತ್ತದೆ. ಎದುರಾಳಿಗಳೂ ಅದೇ ಮಟ್ಟು ಹಾಡುತ್ತಾರೆಂದು ತಿಳಿಯುತ್ತದೆ. ಸಾಲ ಯಾರಿಂದ ಪಡೆದೆವೆಂದು ಗೊತ್ತಿರುವ ಹಾಡು ಹಗೆಯನ್ನು ಸ್ವಲ್ಪ ಮೆತ್ತಗಾಗಿಸುತ್ತದೆ ಎಂದು ನಾನು ನಂಬುತ್ತೇನೆ. (ಸ್ಟ್ರೀಮಿಂಗ್ ಕಂಪನಿಗಳು ಕಲಾವಿದರಿಗೆ ಕೊಡುವ ಹಣ ಒಂದು ಕೇಳಿಕೆಗೆ ಪೈಸೆಗಳ ಲೆಕ್ಕದ್ದು ಎಂಬ ನೋವಿನ ಮಾತೂ ಇಲ್ಲೇ ಇದೆ. ಅದನ್ನು ಮರೆತು ಈ ಸೊಗಸನ್ನು ಹೊಗಳುವುದು ನ್ಯಾಯವಲ್ಲ.)

ಹಾಡಿನಷ್ಟೇ ಮಾತೂ ಮುಖ್ಯ. ದೊಡ್ಡ ಕ್ಲಬ್‌ಗಳಿಗೆ ಟೀವಿ ಇದೆ, ಪತ್ರಿಕೆಗಳಿವೆ, ಆಟಗಾರನ ಮಂಡಿನೋವಿಗೂ ಶೀರ್ಷಿಕೆ ಸಿಗುತ್ತದೆ. ಐದನೆಯ, ಆರನೆಯ ದರ್ಜೆಯ ಲೀಗಿನಲ್ಲಿ ಆಡುವ ಊರಿನ ಕ್ಲಬ್ಬಿನ ಬಗ್ಗೆ ಬರೆಯುವವರು ಯಾರು? ಆ ಊರಿನ ಪತ್ರಿಕೆ ಮುಚ್ಚಿಹೋಗಿರುತ್ತದೆ, ಇಲ್ಲವೇ ವರದಿಗಾರನನ್ನು ಕಳಿಸುವ ಶಕ್ತಿ ಅದಕ್ಕಿರುವುದಿಲ್ಲ. ಅಲ್ಲಿ ಪಾಡ್‌ಕ್ಯಾಸ್ಟ್ ಹುಟ್ಟುತ್ತದೆ. ಒಂದು ಮೈಕು, ಒಂದು ಲ್ಯಾಪ್‌ಟಾಪು, ಅಡುಗೆಮನೆಯ ಮೇಜು, ಸೋತ ಪಂದ್ಯದ ಮಾರನೆಯ ಸಂಜೆ ಮೂವರು ಗೆಳೆಯರು. ಆರ್‌ಎಸ್‌ಎಸ್ ಫೀಡ್ ಎಂಬ ಮುಕ್ತ ವ್ಯವಸ್ಥೆಯೊಂದು ಇರುವುದರಿಂದ ಯಾರ ಪರವಾನಗಿಯನ್ನೂ ಬೇಡಬೇಕಿಲ್ಲ. ಒಮ್ಮೆ ಏರಿಸಿದ ಧ್ವನಿ ಹೆಚ್ಚಿನ ಪಾಡ್‌ಕ್ಯಾಸ್ಟ್ ಆ್ಯಪ್‌ಗಳಲ್ಲಿ ಸಿಗುತ್ತದೆ. ಕೇಳುವವರು ಮುನ್ನೂರು ಜನ ಇರಬಹುದು. ಆದರೆ ಅವರಲ್ಲೊಬ್ಬ ಕೆಲಸ ಹುಡುಕಿಕೊಂಡು ಇನ್ನೊಂದು ಖಂಡಕ್ಕೆ ಹೋದವನು, ಒಬ್ಬಳು ಆಸ್ಪತ್ರೆಯ ರಾತ್ರಿಪಾಳಿಯ ದಾದಿ, ಒಬ್ಬರು ಮೆಟ್ಟಿಲು ಹತ್ತಲಾರದ ವಯಸ್ಸಿನವರು. ಊರಿನ ಉಚ್ಚಾರ, ಊರಿನ ಬೈಗುಳ, ಊರಿನ ನಗು ಅವರಿಗೆ ಬೇಕು. ಲಿವರ್‌ಪೂಲ್‌ನ ಅಭಿಮಾನಿಗಳೇ 2011ರಲ್ಲಿ ಶುರುಮಾಡಿದ ‘ದ ಆನ್‌ಫೀಲ್ಡ್ ರ್‍ಯಾಪ್’ ಇಂದು ದೊಡ್ಡದಾಗಿ ಬೆಳೆದಿದೆ, ಚಂದಾ ಕೊಟ್ಟು ಕೇಳುವವರಿದ್ದಾರೆ. ಆದರೂ ಅದರ ಜೀವ ಇರುವುದು ಆ ಊರಿನ ಸ್ಕೌಸ್ ಉಚ್ಚಾರದಲ್ಲಿಯೇ. ರಾಷ್ಟ್ರೀಯ ವಾಹಿನಿಯ ಸ್ಟುಡಿಯೊದಲ್ಲಿ ಆ ಉಚ್ಚಾರಕ್ಕೆ ಸಿಗದ ಕುರ್ಚಿಯನ್ನು ಅವರು ತಾವೇ ಮಾಡಿಕೊಂಡರು.

ನನ್ನ ಮನಸ್ಸು ಹೆಚ್ಚು ಹೊತ್ತು ನಿಲ್ಲುವುದು ಜರ್ಮನಿಯ ಹ್ಯಾಂಬರ್ಗ್‌ನಲ್ಲಿ. ಬಂದರಿನ ಪಕ್ಕದ ಸಾಂಕ್ಟ್ ಪೌಲಿ ಎಂಬ ಬಡಾವಣೆ, 1910ರಿಂದ ಲೆಕ್ಕ ಹಿಡಿಯುವ ಎಫ್‌ಸಿ ಸಾಂಕ್ಟ್ ಪೌಲಿ ಕ್ಲಬ್, ಸುಮಾರು 29,500 ಜನ ಹಿಡಿಸುವ ಮಿಲರ್ನ್‌ಟೋರ್ ಮೈದಾನ. 1980ರ ದಶಕದಲ್ಲಿ ಬಂದರು ಬೀದಿಯ ಖಾಲಿ ಮನೆಗಳಲ್ಲಿ ನೆಲೆಸಿದ್ದ ಬಂಡಾಯದ ಹುಡುಗರು, ಪಂಕ್ ಸಂಗೀತದವರು, ಕೂಲಿಗಳು, ವಿದ್ಯಾರ್ಥಿಗಳು ಈ ಕ್ಲಬ್ಬನ್ನು ತಮ್ಮದಾಗಿಸಿಕೊಂಡರು. ತಲೆಬುರುಡೆಯ ಬಾವುಟ ಅವರದ್ದು. ಜನಾಂಗದ್ವೇಷದ ಘೋಷಣೆಗಳಿಗೆ ಇಲ್ಲಿ ಜಾಗವಿಲ್ಲವೆಂದು ಹಟ ಹಿಡಿದು ನಿಯಮ ಮಾಡಿಸಿದವರು ಅವರು. ತಂಡ ಮೈದಾನಕ್ಕೆ ಇಳಿಯುವಾಗ ಎಸಿ/ಡಿಸಿ ಎಂಬ ರಾಕ್ ಬ್ಯಾಂಡಿನ ‘ಹೆಲ್ಸ್ ಬೆಲ್ಸ್’ನ ಗಂಟೆ ಮೊಳಗುತ್ತದೆ, ಗೋಲು ಬಿದ್ದರೆ ಬ್ಲರ್ ತಂಡದ ‘ಸಾಂಗ್ 2’. ಅಲ್ಲಿಯ ಅಭಿಮಾನಿಗಳು ‘ಮಿಲರ್ನ್‌ಟೋನ್’ ಹೆಸರಿನಲ್ಲಿ ತಮ್ಮದೇ ಪಾಡ್‌ಕ್ಯಾಸ್ಟ್ ನಡೆಸಿದ್ದಾರೆ. ಬೆಂಬಲಿಗ ಸದಸ್ಯರ ವಿಭಾಗ ನಡೆಸುವ ಎಎಫ್‌ಎಂ ರೇಡಿಯೊ ಕಣ್ಣು ಕಾಣದ ಅಭಿಮಾನಿಗಳಿಗಾಗಿ ಪಂದ್ಯದ ವಿವರಣೆ ಕೊಡುತ್ತದೆ. ಅದೇ ದನಿ ಅಂತರ್ಜಾಲದಲ್ಲಿ ದೂರದೂರಿನವರಿಗೂ ಸಿಗುತ್ತದೆ. ಚೆಂಡು ಎಲ್ಲಿದೆ ಎಂದಷ್ಟೇ ಹೇಳಿದರೆ ಆ ಕೆಲಸ ಮುಗಿಯುವುದಿಲ್ಲ. ಜನ ಯಾಕೆ ತಟ್ಟನೆ ಎದ್ದರು, ಯಾಕೆ ಉಸಿರು ಬಿಗಿಹಿಡಿದರು ಎಂಬುದನ್ನೂ ಹೇಳಬೇಕು. ಪಕ್ಕದಲ್ಲಿ ಕೂತವನಿಗೆ ಆಟವನ್ನು ಮಾತಿನಲ್ಲಿ ಕಟ್ಟಿಕೊಡುವ ಈ ಸೇವೆಗಿಂತ ಹಿರಿದಾದ ಅಭಿಮಾನ ನನಗೆ ತೋಚುವುದಿಲ್ಲ.

ಈ ಕ್ಲಬ್ಬಿನ ಜನ ಬಹುಕಾಲದಿಂದ ಪ್ರೀತಿಯಿಂದ ಹಾಡುತ್ತಿದ್ದ ಒಂದು ಹಾಡಿತ್ತು. ಹೆಸರು ‘ಸಾಂಕ್ಟ್ ಪೌಲಿಯ ಹೃದಯ’. 1957ರ ಅದೇ ಹೆಸರಿನ ಚಿತ್ರದಲ್ಲಿ ಹಾನ್ಸ್ ಆಲ್ಬರ್ಸ್ ಹಾಡಿದ್ದು, ಆಮೇಲೆ ಪಂಕ್ ಧಾಟಿಯಲ್ಲಿ ಮೈದಾನಕ್ಕೆ ಬಂದದ್ದು. ಪಂದ್ಯಕ್ಕೆ ಮುಂಚೆ ಕೊರಳಿನ ಸ್ಕಾರ್ಫ್ ಎತ್ತಿ ಹಿಡಿದು ಇಡೀ ಮೈದಾನ ಅದನ್ನು ಹಾಡುತ್ತಿತ್ತು. ಕ್ಲಬ್ಬಿನ ವಸ್ತುಸಂಗ್ರಹಾಲಯವನ್ನು ನಡೆಸುವುದು ಅಭಿಮಾನಿಗಳೇ ಕಟ್ಟಿದ ಸಂಘ. ಆ ಸಂಗ್ರಹಾಲಯದವರು ತಮ್ಮ ಪಾಡ್‌ಕ್ಯಾಸ್ಟಿಗಾಗಿ ಈ ಹಾಡಿನ ಚರಿತ್ರೆ ಹುಡುಕಲು ಹೊರಟರು. ಹುಡುಕುತ್ತ ಹೋದಾಗ ಸಿಕ್ಕದ್ದು ಹಾಡಿನ ಸಾಹಿತ್ಯ ಬರೆದ ಯೋಸೆಫ್ ಓಲಿಗ್ ಅವರ ಹಿಂದಿನ ಬದುಕು. ನಾತ್ಸಿ ಆಳ್ವಿಕೆಯ ಯುದ್ಧಕಾಲದಲ್ಲಿ ಅವರು ಪತ್ರಕರ್ತರಾಗಿ ಆ ಆಡಳಿತದ ಪ್ರಚಾರಕ್ಕೆ ಬರೆದವರು. 2025ರ ಫೆಬ್ರುವರಿಯಲ್ಲಿ ಕ್ಲಬ್ ಆ ಹಾಡನ್ನು ಸದ್ಯಕ್ಕೆ ಮೈದಾನದಲ್ಲಿ ಹಾಕುವುದಿಲ್ಲವೆಂದು ಪ್ರಕಟಿಸಿತು.

ಜನ ಎರಡು ಪಾಲಾದರು. ಹಾಡಿನ ಮಾತಿನಲ್ಲಿ ಕೆಟ್ಟದ್ದೇನಿದೆ, ಹಾಡು ಈಗ ಬರೆದವರದ್ದಲ್ಲ, ಹಾಡುವ ನಮ್ಮದು ಎಂದರು ಕೆಲವರು. ಆನ್‌ಫೀಲ್ಡ್‌ನ ಕತೆಯನ್ನೂ ಬ್ರೂಗದ ಕತೆಯನ್ನೂ ಮೆಚ್ಚಿದ ನಾನು ಈ ವಾದವನ್ನು ಸುಲಭವಾಗಿ ತಳ್ಳಿಹಾಕಲಾರೆ. ಮಟ್ಟು ಯಾರದ್ದೆಂದು ಕೇಳದೆ ಹಾಡಿದ್ದರಿಂದಲೇ ಅಲ್ಲವೇ ಈ ಹಾಡುಗಳು ಬದುಕಿದ್ದು? ಆದರೆ ಇದೇ ಕ್ಲಬ್ಬಿನ ಮೈದಾನಕ್ಕೆ 1970ರಿಂದ ಹಿಂದಿನ ಅಧ್ಯಕ್ಷ ವಿಲ್‌ಹೆಲ್ಮ್ ಕೋಖ್ ಅವರ ಹೆಸರಿತ್ತು. ಅವರು ನಾತ್ಸಿ ಪಕ್ಷದ ಸದಸ್ಯರಾಗಿದ್ದರೆಂದು ತಿಳಿದ ಮೇಲೆ 1998ರಲ್ಲಿ ಸದಸ್ಯರು ಮತ ಹಾಕಿ ಆ ಹೆಸರನ್ನು ತೆಗೆದರು. ಹೆಸರಿಗೆ ಕೇಳಿದ ಪ್ರಶ್ನೆಯನ್ನು ಹಾಡಿಗೂ ಕೇಳಲೇಬೇಕಾಯಿತು. ನನ್ನ ಮನಸ್ಸು ಕೊನೆಗೆ ಹಾಗೆ ಕೇಳಿದವರ ಕಡೆಗೇ ವಾಲುತ್ತದೆ. ಪ್ರೀತಿಯ ಹಾಡನ್ನು ಎದುರಿಗೆ ಕೂರಿಸಿಕೊಂಡು ‘ನೀನು ಎಲ್ಲಿಂದ ಬಂದೆ?’ ಎನ್ನುವುದಕ್ಕೆ ಬೇಕಾದ ಧೈರ್ಯ ಎದುರಾಳಿ ತಂಡದ ಮುಂದೆ ಕೂಗುವ ಧೈರ್ಯಕ್ಕಿಂತ ದೊಡ್ಡದು.

ಗಮನಿಸಬೇಕಾದದ್ದು, ಈ ಪ್ರಶ್ನೆ ಎದ್ದದ್ದು ಪತ್ರಿಕೆಯ ತನಿಖೆಯಿಂದಲ್ಲ, ಸರ್ಕಾರದ ಸಮಿತಿಯಿಂದಲ್ಲ. ಕ್ಲಬ್ಬನ್ನು ಪ್ರೀತಿಸುವವರೇ ಕ್ಲಬ್ಬನ್ನು ಪ್ರೀತಿಸುವವರಿಗಾಗಿ ಮಾಡುತ್ತಿದ್ದ ಪಾಡ್‌ಕ್ಯಾಸ್ಟಿನಿಂದ. ಮೈದಾನದಲ್ಲಿ ಹಾಡುವಾಗ ಪ್ರಶ್ನೆಗೆ ಬಿಡುವಿಲ್ಲ. ಸಾವಿರ ಕೊರಳುಗಳ ನಡುವೆ ಅನುಮಾನಕ್ಕೆ ಉಸಿರಾಡಲಾಗದು, ಆಗಬೇಕಾಗಿಯೂ ಇಲ್ಲ. ಆ ಬಿಡುವು ಇರುವುದು ಬೆಳಗಿನ ನಡಿಗೆಯಲ್ಲಿ, ಬಸ್ಸಿನ ಕಿಟಕಿಯ ಪಕ್ಕದಲ್ಲಿ, ಒಂದೇ ದನಿ ಒಂದೇ ಕಿವಿಗೆ ನಿಧಾನವಾಗಿ ಹೇಳುವಾಗ. ಆ ಸಮಯದಲ್ಲಿ ಕ್ಲಬ್ಬಿನ ಅಧ್ಯಕ್ಷರಾಗಿದ್ದ ಓಕೆ ಗೊಟ್‌ಲಿಶ್ ಸಂಗೀತದ ಬಗ್ಗೆ ಬರೆಯುತ್ತಿದ್ದವರು, ಹ್ಯಾಂಬರ್ಗ್‌ನಲ್ಲಿ ‘ಫೈನ್‌ಟ್ಯೂನ್ಸ್’ ಎಂಬ ಡಿಜಿಟಲ್ ಸಂಗೀತ ವಿತರಣಾ ಸಂಸ್ಥೆ ಕಟ್ಟಿದವರು. ಸಣ್ಣ ಸಣ್ಣ ಸಂಗೀತ ಸಂಸ್ಥೆಗಳ ಹಾಡನ್ನು ಅಂತರ್ಜಾಲದ ಅಂಗಡಿಗಳಿಗೆ ತಲುಪಿಸುವುದೇ ಅದರ ಕೆಲಸವಾಗಿತ್ತು. ಹಾಡು ದಾಟುವ ದಾರಿಗಳನ್ನು ಬಲ್ಲವರೇ ಒಂದು ಹಾಡನ್ನು ನಿಲ್ಲಿಸಬೇಕಾದ ಜಾಗದಲ್ಲಿ ನಿಂತರು. ಆ ಹೊರೆ ಹಗುರದ್ದಾಗಿರಲಾರದು.

ಹಾಗೆಂದು ಕಿವಿಗೆ ಬೀಳುವುದೆಲ್ಲ ಅರಿವನ್ನೇ ತರುತ್ತದೆ ಎನ್ನಲಾರೆ. ಸೋಲಿನ ಮಾರನೆಯ ದಿನ ಸಿಟ್ಟನ್ನೇ ಸರಕಾಗಿಸಿ ಮಾರುವ ಪಾಡ್‌ಕ್ಯಾಸ್ಟ್‌ಗಳಿವೆ. ಕೇಳಿದ್ದನ್ನೇ ಮತ್ತೆ ಮತ್ತೆ ಕೇಳಿಸುವ ಶಿಫಾರಸು ಯಂತ್ರಗಳಿವೆ. ಇಂಗ್ಲೆಂಡ್ ತಂಡದ ಅಭಿಮಾನಿಗಳ ‘ತ್ರೀ ಲಯನ್ಸ್’ 1996ರ ಹಾಡು. 2018ರ ವಿಶ್ವಕಪ್ಪಿನಲ್ಲಿ ಸ್ಟ್ರೀಮಿಂಗ್ ಬಲದಿಂದ ಮತ್ತೆ ಬ್ರಿಟನ್ನಿನ ಮೊದಲ ಸ್ಥಾನಕ್ಕೇರಿತು, ಸೆಮಿಫೈನಲ್‌ನಲ್ಲಿ ಕ್ರೊಯೇಷ್ಯಾ ಎದುರು ಸೋತ ಮೇಲೆ ಮರುವಾರವೇ 97ಕ್ಕೆ ಬಿತ್ತು. ಗೆಲ್ಲುವವರೆಗೆ ಕೇಳಿ ಸೋತೊಡನೆ ಬಿಡುವ ಹಾಡಿಗೂ, ಆರನೆಯ ದರ್ಜೆಯಲ್ಲಿ ಸೋಲುತ್ತಲೇ ಇರುವ ಕ್ಲಬ್ಬಿನ ಬಗ್ಗೆ ಪ್ರತಿ ವಾರ ಮೈಕಿನ ಮುಂದೆ ಕೂರುವ ಮೂವರಿಗೂ ನಡುವೆ ಆಯ್ಕೆ ಕೊಟ್ಟರೆ ನನ್ನ ಕಿವಿ ಆ ಮೂವರ ಕಡೆಗೆ.

ಇಷ್ಟು ಯೋಚಿಸುವಾಗ ಬೆಂಗಳೂರು ನೆನಪಾಗದೆ ಇರುವುದಿಲ್ಲ. 1948ರ ಜುಲೈ 31ರಂದು, ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತ ಫ್ರಾನ್ಸ್ ವಿರುದ್ಧ 1-2ರಿಂದ ಸೋತಿತು. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಲ್ಲಿ ಆಡಿದರು, ಎರಡು ಪೆನಾಲ್ಟಿಗಳು ಕೈತಪ್ಪಿದವು. ಆ ಒಂದು ಗೋಲು, ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ಫುಟ್‌ಬಾಲ್ ಗೋಲು, ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಆ ತಂಡದಲ್ಲಿದ್ದ ಅಹ್ಮದ್ ಖಾನ್ ಕೂಡ ಈ ಊರಿನವರೇ. ಕೋಲ್ಕತ್ತದ ಈಸ್ಟ್ ಬೆಂಗಾಲ್ ಕ್ಲಬ್ಬಿನ ‘ಪಂಚಪಾಂಡವ’ರಲ್ಲಿ ಒಬ್ಬರೆಂದು ಬಂಗಾಳದವರು ಇಂದಿಗೂ ನೆನೆಯುತ್ತಾರೆ. ದಂಡುಪ್ರದೇಶದ ಆಸ್ಟಿನ್ ಟೌನ್, ಮರ್ಫಿ ಟೌನ್, ಹಲಸೂರಿನ ಬಳಿಯ ಗೌತಮಪುರ ಇವೆಲ್ಲ ಆಟಗಾರರನ್ನು ಹೆತ್ತ ಬೀದಿಗಳು. ಗೌತಮಪುರದಲ್ಲಿ ಬುದ್ಧ, ಅಂಬೇಡ್ಕರ್, ಮದರ್ ತೆರೇಸಾ ಅವರ ಪ್ರತಿಮೆಗಳ ಜತೆಗೆ ಪೆಲೆಯ ಪ್ರತಿಮೆಯೂ ಇದೆ. ಮೈಸೂರು ತಂಡ 1968-69ರಲ್ಲಿ ಸಂತೋಷ್ ಟ್ರೋಫಿ ಗೆದ್ದ ಮೇಲೆ ಮತ್ತೆ ಆ ಟ್ರೋಫಿ ಈ ನೆಲಕ್ಕೆ ಬಂದದ್ದು 2023ರ ಮಾರ್ಚ್ 4ರಂದು, ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಕರ್ನಾಟಕ ಮೇಘಾಲಯವನ್ನು 3-2ರಿಂದ ಸೋಲಿಸಿದಾಗ.

ಕಂಠೀರವ ಕ್ರೀಡಾಂಗಣದ ಪಶ್ಚಿಮದ ಮೆಟ್ಟಿಲುಗಳಲ್ಲಿ ನಿಲ್ಲುವ ‘ವೆಸ್ಟ್ ಬ್ಲಾಕ್ ಬ್ಲೂಸ್’ ಬೆಂಬಲಿಗರು 2013ರಲ್ಲಿ ಬೆಂಗಳೂರು ಎಫ್‌ಸಿ ಹುಟ್ಟಿದಾಗಿನಿಂದ ಡೋಲು ಬಡಿದು ಹಾಡುತ್ತ ಬಂದಿದ್ದಾರೆ. ಯೂರೋಪಿನ ಮೈದಾನಗಳ ಮಟ್ಟು, ನಮ್ಮೂರಿನ ಮಾತು. ಅವರ ಕಿವಿಗೆ ಆನ್‌ಫೀಲ್ಡ್ ತಲುಪಿದೆ, ಮಿಲರ್ನ್‌ಟೋರ್ ತಲುಪಿದೆ. ಆಸ್ಟಿನ್ ಟೌನ್ ತಲುಪಿದೆಯೇ? ಎಚ್‌ಎಎಲ್, ಐಟಿಐ ತಂಡಗಳು ಆಡುತ್ತಿದ್ದ ಕಾಲದಲ್ಲಿ ಕಾರ್ಖಾನೆಯ ಪಾಳಿ ಮುಗಿಸಿ ಬಂದು ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂನ ಮೆಟ್ಟಿಲಲ್ಲಿ ಕೂರುತ್ತಿದ್ದವರು ಇನ್ನೂ ನಮ್ಮ ನಡುವೆ ಇದ್ದಾರೆ. ತಮಿಳು, ಉರ್ದು, ಕನ್ನಡ, ಇಂಗ್ಲಿಷ್ ಎಲ್ಲ ಬೆರೆತ ಅವರ ಮಾತನ್ನು ಹಿಡಿದಿಡಲು ದೊಡ್ಡ ಸ್ಟುಡಿಯೊ ಬೇಡ. ಜೇಬಿನಲ್ಲಿರುವ ಫೋನು ಸಾಕು, ಎದುರಿಗೆ ಕೂತು ಕೇಳುವ ತಾಳ್ಮೆ ಇದ್ದರೆ.

ಯಾರಾದರೂ ಹೋಗಿ ಕೂತರೆ ಮೊದಲು ಗೋಲುಗಳ ಲೆಕ್ಕ ಕೇಳುವುದು ಬೇಡ. ಅದು ದಾಖಲೆಗಳಲ್ಲಿ ಸಿಗುತ್ತದೆ. ಗೋಲು ಬಿದ್ದಾಗ ಜನ ಏನು ಕೂಗುತ್ತಿದ್ದರು, ಯಾವ ಸಿನಿಮಾ ಹಾಡಿನ ಮಟ್ಟಿಗೆ ಯಾವ ಆಟಗಾರನ ಹೆಸರು ಸೇರಿಸುತ್ತಿದ್ದರು, ತಮಟೆ ತರುತ್ತಿದ್ದವರು ಯಾವ ಬೀದಿಯವರು, ಸೋತ ಸಂಜೆ ಮನೆಗೆ ನಡೆಯುವಾಗ ಯಾವ ಚಹಾ ಅಂಗಡಿಯ ಮುಂದೆ ನಿಲ್ಲುತ್ತಿದ್ದರು ಎಂದು ಕೇಳಬೇಕು. ಆಮೇಲೆ, ಅವರು ಒಪ್ಪಿದರೆ, ಆ ಕೂಗನ್ನು ಒಮ್ಮೆ ಕೂಗಿ ತೋರಿಸಿ ಎಂದು ಕೇಳಿ ಧ್ವನಿಮುದ್ರಿಸಿಕೊಂಡು, ಮುಂದಿನ ಪಂದ್ಯಕ್ಕೆ ಮುಂಚೆ ಕಂಠೀರವದ ಡೋಲಿನವರಿಗೆ ಕಳಿಸಬೇಕು.